ನಾಳೆಯ ಪಾಠಕ್ಕೂ ಒಂದು ಕಾಲಂ ಬಿಡಿ: ತರಗತಿ ವೀಕ್ಷಕರಿಗೆ ಬಹಿರಂಗ ಪತ್ರ

ತರಗತಿ ವೀಕ್ಷಣೆಯ ನಮೂನೆಗಳನ್ನು ರೂಪಿಸುವವರಿಗೆ ಮತ್ತು ಆ ನಮೂನೆಗಳನ್ನು ಹಿಡಿದು ನಮ್ಮ ತರಗತಿಗಳಿಗೆ ಬರುವವರಿಗೆ,

ನಮಸ್ಕಾರ.

ನಾನು ಗಣಿತದ ಶಿಕ್ಷಕಿ. ಇಪ್ಪತ್ತೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಅದರಲ್ಲಿ ನಾಲ್ಕು ವರ್ಷ ನಿಮ್ಮ ಹಾಗೆಯೇ ನಮೂನೆ ಹಿಡಿದು ಬೇರೆಯವರ ತರಗತಿಗಳ ಹಿಂದಿನ ಬೆಂಚಿನಲ್ಲಿ ಕುಳಿತದ್ದೂ ಉಂಟು. ಹಾಗಾಗಿ ಈ ಪತ್ರದಲ್ಲಿರುವ ದೂರಿನ ಒಂದು ಪಾಲು ನನ್ನ ತಲೆಯ ಮೇಲೂ ಬೀಳುತ್ತದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ದಶಮಾಂಶ ಸಂಖ್ಯೆಗಳನ್ನು ಹೋಲಿಸುವುದನ್ನು ಕಲಿಸುತ್ತಿದ್ದಾಗ ಅಧಿಕಾರಿಯೊಬ್ಬರು ನನ್ನ ತರಗತಿಗೆ ಬಂದರು. ಸಜ್ಜನರು. ಮಕ್ಕಳನ್ನು ಹೆದರಿಸಲಿಲ್ಲ, ನಡುವೆ ಬಾಯಿ ಹಾಕಲಿಲ್ಲ, ಮೊಬೈಲ್ ತೆಗೆಯಲಿಲ್ಲ. ನಾನು ಹಲಗೆಯ ಮೇಲೆ 0.2 ಮತ್ತು 0.35 ಎಂದು ಬರೆದು ಯಾವುದು ದೊಡ್ಡದು ಎಂದು ಕೇಳಿದೆ. ಇಡೀ ತರಗತಿ 0.35 ಎಂದಿತು. 0.5 ಮತ್ತು 0.75 ಬರೆದೆ, 0.75 ಎಂದಿತು. ಹೀಗೆ ಏಳೆಂಟು ಜೋಡಿಗಳು, ಒಂದೂ ತಪ್ಪಲಿಲ್ಲ. ಅಧಿಕಾರಿ ಸಂತೋಷದಿಂದ ಷರಾ ಬರೆದರು: ‘ವಿದ್ಯಾರ್ಥಿಗಳು ಉತ್ಸಾಹದಿಂದ ಭಾಗವಹಿಸಿದರು. ಕಲಿಕಾ ಉದ್ದೇಶ ಈಡೇರಿದೆ.’ ಎಲ್ಲ ಕಾಲಂಗಳಲ್ಲೂ ಒಳ್ಳೆಯ ಅಂಕ ಬಿತ್ತು. ನಾನೂ ಬೀಗಿದೆ.

ಆ ಸಂಜೆ ಮನೆಲೆಕ್ಕ ತಿದ್ದಲು ಕುಳಿತಾಗ 0.8 ಮತ್ತು 0.35ರ ಜೋಡಿ ಎದುರಾಯಿತು. ಮೂವತ್ತೆಂಟು ಮಕ್ಕಳಲ್ಲಿ ಹದಿನೇಳು ಮಂದಿ 0.35 ದೊಡ್ಡದು ಎಂದು ಬರೆದಿದ್ದರು. ಏಕೆಂದರೆ ಎಂಟಕ್ಕಿಂತ ಮೂವತ್ತೈದು ದೊಡ್ಡದಲ್ಲವೇ? ಬೆಳಗಿನ ಪಾಠದಲ್ಲಿ ನಾನು ಆರಿಸಿದ್ದ ಪ್ರತಿಯೊಂದು ಜೋಡಿಯಲ್ಲೂ ಉದ್ದದ ಸಂಖ್ಯೆಯೇ ದೊಡ್ಡದಾಗಿತ್ತು. ಚುಕ್ಕೆಯನ್ನು ಕಾಣದವರಂತೆ ಓದಿದರೂ ಉತ್ತರ ಸರಿಯಾಗುತ್ತಿತ್ತು. ಮಕ್ಕಳು ಸರಿಯಾಗಿ ಉತ್ತರಿಸಿದ್ದರು, ಆದರೆ ದಶಮಾಂಶದ ಪ್ರಶ್ನೆಗಲ್ಲ. ಇದು ನನ್ನ ಕಣ್ಣಿಗೆ ಬೀಳಲಿಲ್ಲ, ಅಧಿಕಾರಿಯ ಕಣ್ಣಿಗೂ ಬೀಳಲಿಲ್ಲ. ನಮೂನೆಯಲ್ಲಿ ಇದನ್ನು ನೋಡಿ ಎಂದು ಹೇಳುವ ಕಾಲಂ ಇರಲೂ ಇಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮರುದಿನ ತಿದ್ದುವ ಹುಮ್ಮಸ್ಸಿನಲ್ಲಿ 0.8 ಮತ್ತು 0.35, 0.6 ಮತ್ತು 0.27, 0.9 ಮತ್ತು 0.415 ಎಂಬಂಥ ಜೋಡಿಗಳನ್ನೇ ಸಾಲಾಗಿ ಬರೆದೆ. ‘ಕೊನೆಗೆ ಸೊನ್ನೆ ಸೇರಿಸಿ, ಎರಡನ್ನೂ ಒಂದೇ ಉದ್ದ ಮಾಡಿಕೊಳ್ಳಿ’ ಎಂಬ ಸುಲಭೋಪಾಯವನ್ನೂ ಹೇಳಿಕೊಟ್ಟೆ. ಉತ್ತರಗಳು ಮತ್ತೆ ಸರಿಯಾದವು. ಮೂರನೆಯ ದಿನ ಮೂರನೇ ಸಾಲಿನ ಹುಡುಗಿಯೊಬ್ಬಳ ಪಕ್ಕದಲ್ಲಿ ಕುಳಿತು, 0.3 ಮತ್ತು 0.47ರಲ್ಲಿ ಯಾವುದು ದೊಡ್ಡದು ಎಂದು ಕೇಳಿದೆ. 0.3 ಎಂದಳು. ಏಕೆ? ‘ಗಿಡ್ಡದು ಯಾವಾಗಲೂ ದೊಡ್ಡದು, ಮಿಸ್.’ ಆ ನಿಯಮವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ದಿನ ನಾನು ಬರೆದ ಸಾಲಿನಿಂದ ಅವಳೇ ಕಟ್ಟಿಕೊಂಡಿದ್ದಳು. ಇನ್ನು ಸೊನ್ನೆ ಸೇರಿಸಿ ಸರಿ ಮಾಡಿದವರಲ್ಲಿ ಬಹುಪಾಲು ಮಕ್ಕಳು 0.80 ಮತ್ತು 0.35ನ್ನು ಎಂಬತ್ತು ಮತ್ತು ಮೂವತ್ತೈದು ಎಂದೇ ಓದುತ್ತಿದ್ದರು. ಉತ್ತರ ಬದಲಾಗಿತ್ತು, ಅರ್ಥ ಹಾಗೇ ಕುಳಿತಿತ್ತು.

ಗಣಿತ ಶಿಕ್ಷಣದ ಸಂಶೋಧಕರಿಗೆ ಇದು ಹೊಸದೇನಲ್ಲ. ‘ಉದ್ದದ್ದೇ ದೊಡ್ಡದು’, ‘ಗಿಡ್ಡದ್ದೇ ದೊಡ್ಡದು’ ಎಂಬ ಎರಡು ತಪ್ಪು ನಿಯಮಗಳನ್ನು 1980ರ ದಶಕದಿಂದಲೇ ಹಲವು ದೇಶಗಳ ಮಕ್ಕಳಲ್ಲಿ ಗುರುತಿಸಲಾಗಿದೆ. ಒಂದು ನಿಯಮದವರನ್ನು ಹಿಡಿಯುವ ಜೋಡಿ ಇನ್ನೊಂದು ನಿಯಮದವರನ್ನು ಮರೆಮಾಚುತ್ತದೆ. ಆದ್ದರಿಂದ ಎರಡೂ ಬಗೆಯ ಜೋಡಿಗಳನ್ನು ಬೆರೆಸಿ ಕೇಳಬೇಕು, ಉತ್ತರಕ್ಕಿಂತ ‘ಏಕೆ’ ಎಂಬುದನ್ನು ಹೆಚ್ಚು ಕೇಳಬೇಕು. ನಾಲ್ಕನೆಯ ದಿನ ಸೊನ್ನೆ ಸೇರಿಸುವ ಉಪಾಯವನ್ನು ಬದಿಗಿಟ್ಟು ಸಂಖ್ಯಾರೇಖೆ ಎಳೆದು, 0.3 ಮತ್ತು 0.4ರ ನಡುವೆ ಏನಿದೆ ಎಂದು ಕೇಳಿದೆ. ಮೊದಲು ಬಂದ ಉತ್ತರ ‘ಏನೂ ಇಲ್ಲ’. ಅಲ್ಲಿಂದ ಪಾಠ ನಿಜಕ್ಕೂ ಆರಂಭವಾಯಿತು. ಇದಕ್ಕೆ ಒಟ್ಟು ಆರು ಅವಧಿಗಳು ಹಿಡಿದವು. ವಾರ್ಷಿಕ ಯೋಜನೆಯಲ್ಲಿ ಇದ್ದದ್ದು ಎರಡು.

ಈಗ ವಿಷಯಕ್ಕೆ ಬರುತ್ತೇನೆ. ಕಡತದಲ್ಲಿರುವ ವೀಕ್ಷಣಾ ವರದಿಯ ಪ್ರಕಾರ ನನ್ನ ಮೊದಲ ದಿನದ ಪಾಠ ಅತ್ಯುತ್ತಮ. ನಾಲ್ಕನೆಯ ದಿನ ಅದೇ ಅಧಿಕಾರಿ ಬಂದಿದ್ದರೆ ತಪ್ಪು ಉತ್ತರಗಳು, ಗೊಂದಲದ ಮುಖಗಳು, ದೀರ್ಘ ಮೌನ, ಯೋಜನೆಗಿಂತ ಹಿಂದೆ ಬಿದ್ದ ಪಾಠ ಕಾಣುತ್ತಿದ್ದವು, ಅಂಕಗಳು ಕುಸಿಯುತ್ತಿದ್ದವು. ನನ್ನ ಮಟ್ಟಿಗೆ ನಾಲ್ಕನೆಯ ದಿನದ ಪಾಠವೇ ಪಾಠ. ನಿಮ್ಮ ನಮೂನೆ ಆ ಎರಡು ದಿನಗಳ ನಡುವಿನ ಸಂಬಂಧವನ್ನು ನೋಡಲಾರದು. ಅದಕ್ಕೆ ಕಾಣುವುದು ಒಂದು ದಿನ ಮಾತ್ರ. ನಾನು ಕೇಳುತ್ತಿರುವುದು ಒಂದೇ: ವೀಕ್ಷಣೆ ನಿನ್ನೆಯ ಪಾಠದ ತೀರ್ಪಾಗದೆ ನಾಳೆಯ ಪಾಠದ ಕಚ್ಚಾವಸ್ತುವಾಗಲಿ.

ಒಂದೇ ಪಾಠ ನೋಡಿ ಕೊಡುವ ಅಂಕ ಎಷ್ಟು ಗಟ್ಟಿ ಎಂಬ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೂ ಗೊತ್ತಿರುತ್ತದೆ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕದಲ್ಲಿ ಸುಮಾರು 3000 ಶಿಕ್ಷಕರನ್ನು ಒಳಗೊಂಡು ನಡೆದ ದೊಡ್ಡ ಅಧ್ಯಯನವೊಂದು ತರಬೇತಿ ಪಡೆದ ವೀಕ್ಷಕರ ಅಂಕಗಳನ್ನು ಪರಿಶೀಲಿಸಿತು. ಒಬ್ಬರು ಒಮ್ಮೆ ನೋಡಿ ಕೊಟ್ಟ ಅಂಕದ ಮೇಲೆ ಭಾರ ಹಾಕಲಾಗದು, ಬೇರೆ ಬೇರೆ ವೀಕ್ಷಕರು ಬೇರೆ ಬೇರೆ ಪಾಠಗಳನ್ನು ನೋಡಿದಾಗಲೇ ಅದಕ್ಕೆ ತೂಕ ಬರುತ್ತದೆ ಎಂಬುದನ್ನು ಅದು ತೋರಿಸಿತು. ಇಂಗ್ಲೆಂಡಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಒಂದೊಂದು ಪಾಠಕ್ಕೂ ಶ್ರೇಣಿ ಕೊಡುವ ಪದ್ಧತಿಯನ್ನು 2014ರಲ್ಲಿ ಕೈಬಿಟ್ಟಿತು. ನಾನು ವೀಕ್ಷಕಿಯಾಗಿದ್ದ ಕಾಲದ ಒಂದು ಗುಟ್ಟು ಹೇಳುತ್ತೇನೆ: ಶಿಕ್ಷಕರ ಕಂಠ ಗಟ್ಟಿಯಾಗಿದ್ದು ಹಲಗೆಯ ಮೇಲಿನ ಅಕ್ಷರ ದುಂಡಗಿದ್ದರೆ, ಮಕ್ಕಳ ಕಲಿಕೆಯ ಕಾಲಂನಲ್ಲೂ ನನ್ನ ಪೆನ್ನು ತಾನಾಗಿಯೇ ಮೇಲಿನ ಅಂಕದತ್ತ ಸರಿಯುತ್ತಿತ್ತು. ಒಂದು ಗುಣದ ಹೊಳಪು ಉಳಿದೆಲ್ಲ ಗುಣಗಳ ಮೇಲೆ ಬೀಳುವುದನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿ ಹೆಸರಿಟ್ಟಿದ್ದರು. ಅದು ಗೊತ್ತಿದ್ದೂ ನನ್ನ ಪೆನ್ನು ಸರಿಯುತ್ತಿತ್ತು. ನಿಮ್ಮದೂ ಸರಿಯುತ್ತದೆ, ನಿಮ್ಮ ಪ್ರಾಮಾಣಿಕತೆಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಏನನ್ನು ನೋಡಬೇಕು?

ನನಗೆ ಇದನ್ನು ಕಲಿಸಿದವರು ಯಾವ ಅಧಿಕಾರಿಯೂ ಅಲ್ಲ, ಪಕ್ಕದ ತರಗತಿಯಲ್ಲಿ ವಿಜ್ಞಾನ ಕಲಿಸುವ ಸಹೋದ್ಯೋಗಿ. ಒಂದು ದಿನ ಅವರನ್ನು ಕರೆದು, ನನ್ನ ಪಾಠದಲ್ಲಿ ಒಂದೇ ಒಂದನ್ನು ನೋಡಿ ಎಂದೆ: ಪ್ರಶ್ನೆ ಕೇಳಿದ ಮೇಲೆ ನಾನು ಎಷ್ಟು ಹೊತ್ತು ಕಾಯುತ್ತೇನೆ? ನನ್ನ ಅಂದಾಜು ಐದು ಸೆಕೆಂಡು. ಅವರು ತಂದುಕೊಟ್ಟ ಚೀಟಿಯಲ್ಲಿ ಇಪ್ಪತ್ತಾರು ಪ್ರಶ್ನೆಗಳಿದ್ದವು, ಪ್ರತಿಯೊಂದರ ಮುಂದೆ ಒಂದು ಅಂಕಿ: ಹೆಚ್ಚಿನವು ಒಂದು, ಕೆಲವು ಎರಡು. ಒಂಬತ್ತು ಪ್ರಶ್ನೆಗಳಿಗೆ ಉತ್ತರವನ್ನೂ ನಾನೇ ಕೊಟ್ಟಿದ್ದೆ. ಚೀಟಿಯಲ್ಲಿ ಟೀಕೆ ಇರಲಿಲ್ಲ, ಸಲಹೆ ಇರಲಿಲ್ಲ, ಅಂಕವೂ ಇರಲಿಲ್ಲ. ಆ ಸೆಕೆಂಡುಗಳ ಮುಂದೆ ನನಗೆ ವಾದವೇ ಹೊಳೆಯಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಇದನ್ನೇ ಕಂಡಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರ ಬಾರದ ಸಂದರ್ಭಗಳು ಕಡಿಮೆಯಾದವು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ಇನ್ನೊಂದು ಅಂಶವನ್ನು ಅವರು ಒತ್ತಿ ಹೇಳಿದ್ದರು: ಮಗು ಉತ್ತರ ಕೊಟ್ಟ ಮೇಲೂ ಕಾಯಬೇಕು. ನಾವು ‘ಸರಿ’ ಎಂದು ಬಾಯಿ ಹಾಕುವುದರೊಳಗೆ ಮಗು ಇನ್ನೊಂದು ಮಾತು ಸೇರಿಸಬೇಕೆಂದಿರುತ್ತದೆ. ಎರಡನೆಯ ಕಾಯುವಿಕೆ ನನಗೆ ಇವತ್ತಿಗೂ ಕಷ್ಟ. ಮೌನ ಶಿಕ್ಷಕರನ್ನು ಕಚ್ಚುತ್ತದೆ. ನೀವು ಹಿಂದೆ ಕುಳಿತಿರುವ ದಿನವಂತೂ ಎರಡು ಪಟ್ಟು ಕಚ್ಚುತ್ತದೆ, ಏಕೆಂದರೆ ನಿಮ್ಮ ನಮೂನೆಯಲ್ಲಿ ಮೌನ ಎಂದರೆ ಸಪ್ಪೆ ಪಾಠ.

ನಮೂನೆಗಳಿಗೆ ಒಂದು ಚರಿತ್ರೆಯೂ ಇದೆ. ಅಮೆರಿಕದ ಶಿಕ್ಷಣ ಸಂಶೋಧಕ ನೆಡ್ ಫ್ಲಾಂಡರ್ಸ್ ರೂಪಿಸಿದ ತರಗತಿ ಸಂವಹನದ ವಿಶ್ಲೇಷಣೆಯಲ್ಲಿ ಹತ್ತು ವರ್ಗಗಳಿದ್ದವು. ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಉಳಿದ ಒಂದು ಮೌನ ಅಥವಾ ಗೊಂದಲಕ್ಕೆ. ವೀಕ್ಷಕರು ಮೂರು ಮೂರು ಸೆಕೆಂಡಿಗೆ ಒಂದು ಅಂಕಿ ಬರೆಯುತ್ತ ಹೋಗಬೇಕು. ಬಿ.ಇಡಿ. ಓದುವಾಗ ನಾವೆಲ್ಲ ಇದನ್ನು ಉರು ಹೊಡೆದಿದ್ದೇವೆ. ಶಿಕ್ಷಕರು ಎಷ್ಟು ಮಾತಾಡುತ್ತಾರೆ ಎಂಬುದು ಅದರಿಂದ ಬಯಲಾಯಿತು, ಅದು ಸಣ್ಣ ಕೆಲಸವಲ್ಲ. ಆದರೆ ಆ ಹಂಚಿಕೆಯನ್ನು ಮತ್ತೊಮ್ಮೆ ನೋಡಿ: ಏಳು, ಎರಡು, ಒಂದು. ಇಂದಿನ ನಮೂನೆಗಳೂ ಬಹುತೇಕ ಅದೇ ದಿಕ್ಕಿಗೆ ಮುಖ ಮಾಡಿವೆ. ಶಿಕ್ಷಕರು ಉದ್ದೇಶ ಬರೆದರೇ? ಕಲಿಕೋಪಕರಣ ಬಳಸಿದರೇ? ಹಲಗೆಯನ್ನು ಸರಿಯಾಗಿ ಉಪಯೋಗಿಸಿದರೇ? ಎಲ್ಲ ಕಣ್ಣುಗಳೂ ಹಲಗೆಯ ಕಡೆಗೆ. ಮಕ್ಕಳ ಬೆನ್ನಷ್ಟೇ ಕಾಣುವ ಜಾಗದಲ್ಲಿ ನಿಮ್ಮ ಕುರ್ಚಿ.

ಜಪಾನಿನ ಶಿಕ್ಷಕರು ‘ಜುಗ್ಯೋ ಕೆಂಕ್ಯೂ’ ಎಂದು ಕರೆಯುವ ಪಾಠ ಅಧ್ಯಯನದ ಪದ್ಧತಿಯಲ್ಲಿ ಕುರ್ಚಿಯ ಜಾಗವೇ ಬೇರೆ. ಕೆಲವರು ಶಿಕ್ಷಕರು ಸೇರಿ ಒಂದು ಪಾಠವನ್ನು ವಾರಗಟ್ಟಲೆ ಕುಳಿತು ರೂಪಿಸುತ್ತಾರೆ. ಯಾವ ಪ್ರಶ್ನೆಗೆ ಮಕ್ಕಳು ಹೇಗೆಲ್ಲ ಉತ್ತರಿಸಬಹುದು, ಎಲ್ಲಿ ಎಡವಬಹುದು ಎಂದು ಮೊದಲೇ ಬರೆದುಕೊಳ್ಳುತ್ತಾರೆ. ಒಬ್ಬರು ಪಾಠ ಮಾಡುವಾಗ ಉಳಿದವರು ಬೆಂಚುಗಳ ನಡುವೆ ನಿಂತು ಮಕ್ಕಳ ಪುಸ್ತಕಗಳನ್ನು ನೋಡುತ್ತ, ಯಾರು ಯಾವ ದಾರಿ ಹಿಡಿದರು ಎಂದು ಟಿಪ್ಪಣಿ ಮಾಡುತ್ತಾರೆ. ಆಮೇಲಿನ ಚರ್ಚೆಯಲ್ಲಿ ಪರೀಕ್ಷೆಗೆ ಒಳಗಾಗುವುದು ಶಿಕ್ಷಕರಲ್ಲ, ಎಲ್ಲರೂ ಸೇರಿ ಕಟ್ಟಿದ ಪಾಠ. ಅದನ್ನು ತಿದ್ದಿ ಹಲವು ಬಾರಿ ಇನ್ನೊಂದು ತರಗತಿಯಲ್ಲಿ ಮತ್ತೆ ಮಾಡುತ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ 1963ರ ಹೊತ್ತಿಗೆ ಡ್ವೈಟ್ ಆಲೆನ್ ಮತ್ತು ಅವರ ಸಂಗಡಿಗರು ಆರಂಭಿಸಿದ ಸೂಕ್ಷ್ಮ ಬೋಧನೆಯಲ್ಲೂ ಇದೇ ಬೀಜವಿತ್ತು: ಸಣ್ಣ ಪಾಠ ಮಾಡು, ಹಿಮ್ಮಾಹಿತಿ ಪಡೆ, ಮತ್ತೆ ಮಾಡು. ನಮ್ಮ ಹೆಚ್ಚಿನ ವೀಕ್ಷಣೆಗಳಲ್ಲಿ ಕಾಣೆಯಾಗಿರುವುದು ಆ ಮೂರನೆಯ ಹೆಜ್ಜೆ. ಮಾಡುತ್ತೇವೆ, ಷರಾ ಪಡೆಯುತ್ತೇವೆ, ಸಹಿ ಹಾಕುತ್ತೇವೆ.

ಬೆಂಚುಗಳ ನಡುವೆ ನಿಲ್ಲದೆ ಏನು ತಪ್ಪಿಹೋಗುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಶಿಕ್ಷಣ ಸಂಶೋಧಕ ಗ್ರಹಾಂ ನಟ್‌ಹಾಲ್ ದಶಕಗಳ ಕಾಲ ಬೆನ್ನುಹತ್ತಿದರು. ಮಕ್ಕಳಿಗೆ ಪುಟ್ಟ ಮೈಕ್ರೋಫೋನ್ ಕಟ್ಟಿ, ಶಿಕ್ಷಕರಿಗೆ ಕೇಳಿಸದ ಪಿಸುಮಾತುಗಳನ್ನೂ ದಾಖಲಿಸಿದರು. ಪಾಠದಲ್ಲಿ ಬರಲಿರುವ ಸಂಗತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಂದೊಂದು ಮಗುವಿಗೂ ಮೊದಲೇ ಗೊತ್ತಿರುತ್ತದೆ, ಆದರೆ ಆ ಅರ್ಧ ಎಲ್ಲರಿಗೂ ಒಂದೇ ಅಲ್ಲ ಎಂಬುದು ಅವರಿಗೆ ಕಂಡಿತು. ತಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಸಿಗುವ ಹಿಮ್ಮಾಹಿತಿಯಲ್ಲಿ ಬಹುಪಾಲು ಬರುವುದು ಪಕ್ಕದ ಮಕ್ಕಳಿಂದ, ಅದರಲ್ಲಿ ಹೆಚ್ಚಿನದು ತಪ್ಪು ಎಂಬುದೂ ಕಂಡಿತು. ನನ್ನ ಮೂರನೇ ಸಾಲಿನ ಹುಡುಗಿಯ ‘ಗಿಡ್ಡದೇ ದೊಡ್ಡದು’ ನಿಯಮ ನಾನು ಅವಳ ಪಕ್ಕ ಕುಳಿತುಕೊಳ್ಳುವ ಹೊತ್ತಿಗೆ ಆ ಬೆಂಚಿನ ಮೂವರಿಗೂ ಹಬ್ಬಿತ್ತು. ಹಲಗೆಯ ಬಳಿ ನಿಂತವಳಿಗೆ ಅದು ಹೇಗೆ ಗೊತ್ತಾಗಬೇಕು?

ಇಲ್ಲಿ ನಿಮ್ಮಿಂದ ನಿಜವಾದ ಸಹಾಯ ಆಗಬಹುದು. ಪಾಠ ಮಾಡುತ್ತಿರುವಾಗ ನನಗೆ ಎರಡೇ ಕಣ್ಣು, ಅವೂ ಮುಂದಿನ ವಾಕ್ಯವನ್ನು ಹುಡುಕುತ್ತಿರುತ್ತವೆ. ನಿಮ್ಮ ಕಣ್ಣುಗಳು ಬಿಡುವಾಗಿವೆ. ಒಂದು ಬೆಂಚಿನ ಬಳಿ ಕುಳಿತು, ಇಬ್ಬರು ಮಕ್ಕಳನ್ನು ಮಾತ್ರ ನಲವತ್ತು ನಿಮಿಷ ನೋಡಿ. ಅವರು ಏನು ಬರೆದರು, ಏನು ಅಳಿಸಿದರು, ಯಾವ ಕ್ಷಣದಲ್ಲಿ ಪಕ್ಕದವರ ಪುಸ್ತಕ ನೋಡಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಆ ಒಂದು ಪುಟ ನನಗೆ ಇಪ್ಪತ್ತು ಕಾಲಂಗಳ ಅಂಕಕ್ಕಿಂತ ಹೆಚ್ಚಿನದು.

ಆದರೆ ದಯವಿಟ್ಟು ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನಲ್ಲ. ನಾನು ವೀಕ್ಷಕಿಯಾಗಿದ್ದಾಗ ಒಮ್ಮೆ ‘ಕೊನೆಯ ಬೆಂಚಿನ ವಿದ್ಯಾರ್ಥಿಗೆ ಗಮನವಿಲ್ಲ’ ಎಂದು ಬರೆದಿದ್ದೆ. ಆ ಶಿಕ್ಷಕರು ಬುದ್ಧಿವಂತರು. ನನ್ನ ಎದುರಿಗೇ ಆ ಹುಡುಗನ ಪುಸ್ತಕ ತರಿಸಿದರು. ಹಲಗೆಯ ಮೇಲಿದ್ದ ಆರೂ ಲೆಕ್ಕಗಳನ್ನು ಅವನು ಮೊದಲ ಹತ್ತು ನಿಮಿಷದಲ್ಲೇ ಮುಗಿಸಿದ್ದ, ಉಳಿದ ಹೊತ್ತು ಅಂಚಿನಲ್ಲಿ ರೈಲಿನ ಚಿತ್ರ ಬಿಡಿಸುತ್ತಿದ್ದ. ನನ್ನ ಷರಾದ ಪ್ರಕಾರ ಮರುದಿನ ಮಾಡಬೇಕಾದದ್ದು ಹುಡುಗನನ್ನು ಮುಂದಿನ ಬೆಂಚಿಗೆ ಎಳೆಯುವುದು. ಪುಸ್ತಕದ ಪ್ರಕಾರ ಮಾಡಬೇಕಾದದ್ದು ಅವನಿಗೆ ಏಳನೆಯ ಲೆಕ್ಕ ಕೊಡುವುದು. ‘ಗಮನವಿಲ್ಲ’, ‘ಸೋಮಾರಿ’, ‘ಚುರುಕು’ ಎಂಬ ಮಾತುಗಳಿಂದ ನಾಳೆಗೆ ಏನೂ ಹುಟ್ಟುವುದಿಲ್ಲ. ‘ಹತ್ತು ನಿಮಿಷದಲ್ಲಿ ಮುಗಿಸಿ ಚಿತ್ರ ಬಿಡಿಸಿದ’ ಎಂಬುದರಿಂದ ಹುಟ್ಟುತ್ತದೆ. (ರೈಲು ಚೆನ್ನಾಗಿತ್ತು. ಬೋಗಿಗಳ ಕಿಟಕಿಗಳನ್ನು ಅಳತೆ ಹಿಡಿದು ಬರೆದಿದ್ದ.)

ನನ್ನದೇ ಟಿಪ್ಪಣಿ ಪುಸ್ತಕದ ಬಗ್ಗೆಯೂ ಹೇಳಬೇಕು, ಏಕೆಂದರೆ ವೀಕ್ಷಣೆ ಎಂದರೆ ಹೊರಗಿನಿಂದ ಯಾರೋ ಬರಬೇಕು ಎಂಬ ನಂಬಿಕೆಯೇ ಅರ್ಧ ತೊಂದರೆ. ಮೇಜಿನ ಮೇಲೆ ತರಗತಿಯ ಆಸನಗಳ ನಕ್ಷೆ ಇಟ್ಟುಕೊಂಡು, ಯಾರನ್ನು ಮಾತಾಡಿಸಿದೆನೋ ಅವರ ಚೌಕದಲ್ಲಿ ಒಂದು ಚುಕ್ಕೆ ಇಡುವುದನ್ನು ಒಂದು ವಾರ ಮಾಡಿದೆ. ಶನಿವಾರ ನೋಡಿದರೆ ಮುಂದಿನ ಸಾಲು ಮತ್ತು ನಡುವಿನ ಪಟ್ಟಿ ಚುಕ್ಕೆಗಳಿಂದ ಕಪ್ಪಾಗಿತ್ತು; ಒಂಬತ್ತು ಚೌಕಗಳು ಖಾಲಿ. ಆ ಒಂಬತ್ತು ಮಕ್ಕಳನ್ನು ನಾನು ಆರು ದಿನ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆಡಮ್ಸ್ ಮತ್ತು ಬಿಡಲ್ ಎಂಬ ಸಂಶೋಧಕರು 1970ರಲ್ಲೇ ತರಗತಿಯ ಮಾತುಕತೆ ಮುಂಭಾಗ ಮತ್ತು ನಡುವಿನ ಪಟ್ಟಿಯಲ್ಲಿ ಗುಂಪುಗೂಡುವುದನ್ನು ತೋರಿಸಿದ್ದರಂತೆ. ಗೊತ್ತಿದ್ದರೂ ನಾನು ಅದರಿಂದ ಹೊರಗಿದ್ದೇನೆ ಎಂದೇ ನಂಬಿದ್ದೆ. ನಂಬಿಕೆ ಮುರಿಯಲು ಚುಕ್ಕೆಗಳು ಬೇಕಾದವು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಸೇರಿಸದಿದ್ದರೆ ತಪ್ಪಾದೀತು. ಕಂಡದ್ದಕ್ಕೆಲ್ಲ ಪಾಠ ಬದಲಾಯಿಸುತ್ತ ಹೋದರೆ ಮಕ್ಕಳ ಗತಿ ಗಾಳಿಪಟದ ಗತಿಯಾಗುತ್ತದೆ. ನಾನು ಒಂದು ವರ್ಷ ಹಾಗೆಯೇ ಮಾಡಿದೆ. ಮುಖ ಸಪ್ಪಗಾದರೆ ವೇಗ ಇಳಿಸುವುದು, ನಕ್ಕರೆ ಏರಿಸುವುದು. ಮುಖಗಳು ಸುಳ್ಳು ಹೇಳುತ್ತವೆ. ಚೆನ್ನಾಗಿ ತಲೆಯಾಡಿಸುವ ಮಗುವಿಗೆ ಅರ್ಥವಾಗಿರಬೇಕೆಂದಿಲ್ಲ, ಹುಬ್ಬು ಗಂಟಿಕ್ಕಿದ ಮಗು ಆಗಷ್ಟೇ ನಿಜವಾಗಿ ಯೋಚಿಸಲು ತೊಡಗಿರಬಹುದು. ಇನ್ನೊಂದು ಮೋಸ ಇನ್ನೂ ನಯವಾದದ್ದು: ಇವತ್ತಿನ ಅವಧಿಯ ಕೊನೆಯಲ್ಲಿ ಮಾಡಬಲ್ಲದ್ದನ್ನು ಮಗು ಹದಿನೈದು ದಿನದ ಮೇಲೆ ಮಾಡಲಾರದೆ ಹೋಗಬಹುದು. ಹಾಗಾಗಿ ಈಗ ನಾನು ಒಂದು ಪಾಠದಿಂದ ಒಂದೇ ಬದಲಾವಣೆಯನ್ನು ಆರಿಸಿಕೊಳ್ಳುತ್ತೇನೆ, ಅದೂ ಪುಸ್ತಕದಲ್ಲಿ ಸಾಕ್ಷ್ಯ ಕಂಡಾಗ ಮಾತ್ರ. ಎರಡು ವಾರದ ನಂತರ ಅದೇ ಪ್ರಶ್ನೆಯನ್ನು ಬೇರೆ ಅಂಗಿ ತೊಡಿಸಿ ಮತ್ತೆ ಕೇಳುತ್ತೇನೆ. ಟಿಪ್ಪಣಿಯಲ್ಲಿ ಮೂರೇ ಸಾಲು ಇರುತ್ತವೆ: ಏನು ಕಂಡೆ, ಏನಿರಬಹುದು ಎಂದು ಊಹಿಸುತ್ತೇನೆ, ಆ ಊಹೆ ತಪ್ಪೆಂದು ನನಗೆ ಹೇಗೆ ಗೊತ್ತಾಗುತ್ತದೆ. ಮೂರನೆಯ ಸಾಲು ಬರೆಯಲು ಬಾರದ ದಿನ ಪಾಠ ಬದಲಾಯಿಸುವುದಿಲ್ಲ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು: ‘ಎಲ್ಲ ಸರಿ, ಆದರೆ ನಮಗೆ ಮೇಲಿನವರಿಗೆ ಲೆಕ್ಕ ಒಪ್ಪಿಸಬೇಕಲ್ಲ?’ ಒಪ್ಪಿಸಿ. ಪಾಠವನ್ನೇ ಮಾಡದ ಶಿಕ್ಷಕರೂ ಇದ್ದಾರೆ, ಅವರನ್ನು ಯಾರಾದರೂ ಪ್ರಶ್ನಿಸಲೇಬೇಕು. ಅದರಲ್ಲಿ ನನಗೆ ಸಂಕೋಚವಿಲ್ಲ. ಆದರೆ ಆ ಭೇಟಿ ಬೇರೆ, ಈ ಭೇಟಿ ಬೇರೆ. ಕಲಿಕೆಯನ್ನು ರೂಪಿಸಲು ನಡೆಸುವ ಮೌಲ್ಯಮಾಪನ ಮತ್ತು ತೀರ್ಪು ಕೊಡಲು ನಡೆಸುವ ಮೌಲ್ಯಮಾಪನ ಎರಡು ಬೇರೆ ಕೆಲಸಗಳು ಎಂದು ಮೌಲ್ಯಮಾಪನ ತಜ್ಞ ಮೈಕೆಲ್ ಸ್ಕ್ರಿವನ್ 1967ರಲ್ಲೇ ಬೇರ್ಪಡಿಸಿ ಹೆಸರಿಟ್ಟರು. ಮಕ್ಕಳ ವಿಷಯದಲ್ಲಿ ನಾವು ಅದನ್ನು ರೂಪಣಾತ್ಮಕ, ಸಂಕಲನಾತ್ಮಕ ಎಂದು ಎರಡು ರಿಜಿಸ್ಟರುಗಳಲ್ಲಿ ಚಾಚೂ ತಪ್ಪದೆ ಬರೆಯುತ್ತೇವೆ. ಶಿಕ್ಷಕರ ವಿಷಯಕ್ಕೆ ಬಂದಾಗ ಎರಡನ್ನೂ ಒಂದೇ ಹಾಳೆಗೆ ತುರುಕುತ್ತೇವೆ. ಅಂಕ ಬೀಳುವ ದಿನ ಯಾವ ಶಿಕ್ಷಕರೂ ತಮ್ಮ ದುರ್ಬಲ ಪಾಠವನ್ನು ತೋರಿಸುವುದಿಲ್ಲ. ನೀವು ಬರುವಿರೆಂದು ಗೊತ್ತಾದರೆ ಕಳೆದ ವಾರದ ಪಾಠವನ್ನೇ ಮತ್ತೊಮ್ಮೆ ಆಡಿ ತೋರಿಸುತ್ತೇವೆ. ಮಕ್ಕಳು ಎಷ್ಟು ನಿಷ್ಠಾವಂತರೆಂದರೆ, ಗೊತ್ತಿರುವ ಉತ್ತರಕ್ಕೂ ಮೊದಲ ಬಾರಿ ಹೊಳೆದಂತೆ ಕೈ ಎತ್ತುತ್ತಾರೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಬರುವ ಮೊದಲು ಐದು ನಿಮಿಷ ಮಾತಾಡಿ, ‘ಇವತ್ತು ನಾನು ಏನನ್ನು ನೋಡಲಿ?’ ಎಂದು ಕೇಳಿ. ಕೇಳಿದ್ದನ್ನೇ ನೋಡಿ. ಮುಗಿದ ಮೇಲೆ ಷರಾ ಬರೆಯುವ ಬದಲು ಮಕ್ಕಳ ನಾಲ್ಕು ಪುಸ್ತಕ ನಡುವೆ ಇಟ್ಟುಕೊಂಡು ನನ್ನ ಜೊತೆ ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ನಮೂನೆಯ ಕೊನೆಯಲ್ಲಿ ‘ಮುಂದಿನ ಪಾಠದಲ್ಲಿ ಏನು ಬದಲಾಗುತ್ತದೆ?’ ಎಂಬ ಒಂದು ಕಾಲಂ ಸೇರಿಸಿ, ಅದನ್ನು ನಾನು ತುಂಬುತ್ತೇನೆ. ಸಾಧ್ಯವಾದರೆ ಎರಡು ವಾರದೊಳಗೆ ಇನ್ನೊಮ್ಮೆ ಬನ್ನಿ. ಆ ಕಾಲಂ ಪೊಳ್ಳಾಗದಿರಲು ಅದೊಂದೇ ದಾರಿ.

ಇವೆಲ್ಲಕ್ಕಿಂತ ಕಷ್ಟದ ಬೇಡಿಕೆ ಸಮಯದ್ದು. ದಶಮಾಂಶಕ್ಕೆ ಎರಡು ಅವಧಿಯ ಬದಲು ಆರು ತೆಗೆದುಕೊಂಡ ಆ ತಿಂಗಳು ನನ್ನಿಂದ ವಿವರಣೆ ಕೇಳಲಾಯಿತು. ಪಾಠ ಏಕೆ ಹಿಂದೆ ಬಿದ್ದಿದೆ? ನಾನು ಸಂಖ್ಯಾರೇಖೆಯ ಕತೆ ಬರೆಯಲಿಲ್ಲ, ‘ಪುನರಾವರ್ತನೆ’ ಎಂದು ಬರೆದು ಪಾರಾದೆ. ಮಕ್ಕಳಿಗೆ ಅರ್ಥವಾಗಿಲ್ಲ ಎಂದು ಕಂಡದ್ದಕ್ಕೆ ಪಾಠ ನಿಧಾನಿಸಿದೆ ಎಂಬುದು ಅಪರಾಧದ ತಪ್ಪೊಪ್ಪಿಗೆಯಂತೆ ಕೇಳಿಸುವ ವ್ಯವಸ್ಥೆಯಲ್ಲಿ, ಎಂಥ ಸೂಕ್ಷ್ಮ ವೀಕ್ಷಣೆಯಿಂದಲೂ ಏನೂ ಆಗದು. ನೋಡು ಎನ್ನುತ್ತೀರಿ, ನೋಡಿದ್ದರ ಮೇಲೆ ಹೆಜ್ಜೆಯಿಡಲು ದಿನ ಕೊಡುವುದಿಲ್ಲ. ವಾರ್ಷಿಕ ಯೋಜನೆಯಲ್ಲಿ ಹತ್ತು ಅವಧಿಗೆ ಒಂದನ್ನು ಯಾವ ಪಾಠದ ಹೆಸರೂ ಬರೆಯದೆ ಖಾಲಿ ಬಿಡಿ. ಪಾಠಗಳ ಪಟ್ಟಿ ಉದ್ದವಾಗಿದೆ ಎಂದರೆ, ಪಟ್ಟಿಯನ್ನೇ ಸ್ವಲ್ಪ ಕತ್ತರಿಸಿ. ಈಗಲೂ ಆ ದಿನಗಳು ಹೇಗೂ ಖರ್ಚಾಗುತ್ತವೆ, ಪರೀಕ್ಷೆಯ ಹಿಂದಿನ ವಾರ ಎಲ್ಲವನ್ನೂ ಅವಸರದಲ್ಲಿ ಮತ್ತೆ ಹೇಳಿಕೊಡುವುದರಲ್ಲಿ.

ಮುಂದಿನ ವಾರ ನಾನು ಭಿನ್ನರಾಶಿಗಳ ಸಂಕಲನ ಆರಂಭಿಸುತ್ತೇನೆ. 1/3 ಮತ್ತು 1/4ನ್ನು ಕೂಡಿಸಿ 2/7 ಎಂದು ಬರೆಯುವ ಮಕ್ಕಳು ಇದ್ದೇ ಇರುತ್ತಾರೆ, ಅದು ನನಗೆ ಗೊತ್ತು. ಗೊತ್ತಿಲ್ಲದಿರುವುದು ಇಷ್ಟು: 2/7 ಎಂಬುದು 1/3ಕ್ಕಿಂತಲೂ ಚಿಕ್ಕದು, ಕೂಡಿಸಿದ ಮೇಲೆ ಮೊತ್ತ ಕಡಿಮೆಯಾಗಿದೆ ಎಂಬುದು ಅವರಲ್ಲಿ ಯಾರಿಗಾದರೂ ತಾವಾಗಿಯೇ ವಿಚಿತ್ರ ಎನಿಸುತ್ತದೆಯೇ? ಎನಿಸಿದರೆ ಎಷ್ಟು ಹೊತ್ತಿಗೆ, ಮತ್ತು ಆಗ ಅವರು ಏನು ಮಾಡುತ್ತಾರೆ: ಉತ್ತರ ಅಳಿಸುತ್ತಾರೆಯೇ, ಪಕ್ಕದವರನ್ನು ಕೇಳುತ್ತಾರೆಯೇ, ಸುಮ್ಮನೆ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆಯೇ? ಹಲಗೆಯ ಬಳಿಯಿಂದ ನನಗೆ ಅದು ಕಾಣುವುದಿಲ್ಲ. ಬುಧವಾರ ಮೂರನೇ ಅವಧಿಗೆ ಬನ್ನಿ. ಕಿಟಕಿಯ ಪಕ್ಕದ ಎರಡನೇ ಬೆಂಚಿನ ಬಳಿ ಒಂದು ಸ್ಟೂಲು ಹಾಕಿರುತ್ತೇನೆ. ನಮೂನೆ ಮರೆತು ಬಂದರೂ ಅಡ್ಡಿಯಿಲ್ಲ, ಒಂದು ಪೆನ್ಸಿಲ್ ತನ್ನಿ.

ಇಂತಿ,
ಒಬ್ಬ ಗಣಿತ ಶಿಕ್ಷಕಿ